ಸುಗ್ಗಿ ಹಬ್ಬದ ರೊಕ್ಕ ಯಾರ ಕೈಗೆ? ಮೂರು ಜಿಲ್ಲೆಗಳ ಸಭಾ ಕಮಿಟಿಗಳಿಗೆ ಬಹಿರಂಗ ಪತ್ರ

ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳ ಎಲ್ಲ ಕ್ರೈಸ್ತ ಸಭೆಗಳ ಅಯ್ಯನವರಿಗೆ, ಗುರುಗಳಿಗೆ, ಪಾಸ್ಟರ್‌ಗಳಿಗೆ, ಕಮಿಟಿಯ ಹಿರಿಯರಿಗೆ, ಮಹಿಳಾ ಕೂಟದ ಅಕ್ಕ-ತಂಗಿಯರಿಗೆ, ಕರ್ತನ ನಾಮದಲ್ಲಿ ವಂದನೆಗಳು.

ಸಿಎಸ್‌ಐ, ಮೆಥಡಿಸ್ಟ್, ಕಥೋಲಿಕ, ಪೆಂತೆಕೊಸ್ತ ಎಂದು ಬೇರೆ ಬೇರೆ ಹೆಸರು ಹಾಕಿ ಬರೆಯುತ್ತಿಲ್ಲ. ಈ ಒಂದು ವಿಷಯದಲ್ಲಿ ನಾವೆಲ್ಲರೂ ಒಂದೇ ಥರ. ಹಬ್ಬ ಮುಗಿದ ಮೇಲೆ ಕಮಿಟಿ ಕೂಡುತ್ತದೆ. ಶಾಮಿಯಾನದವನು ಬಾಡಿಗೆ ಜಾಸ್ತಿ ಹಾಕಿದ್ದಾನೆಂದು ಒಂದು ತಾಸು ವಾದ ನಡೆಯುತ್ತದೆ. ಅಡುಗೆಯವರಿಗೆ ಕೊಟ್ಟ ಎಣ್ಣೆ ಡಬ್ಬಿ ಎಷ್ಟು, ಉಳಿದದ್ದೆಷ್ಟು ಎಂದು ಲೆಕ್ಕ ಹಿಡಿಯುತ್ತೇವೆ. ಕಡೆಗೆ ಎಲ್ಲರಿಗೂ ಮನೆಗೆ ಹೋಗುವ ಅವಸರ ಬಂದಾಗ, ನಮ್ಮಲ್ಲಿ ಯಾರೂ ಕಣ್ಣಾರೆ ನೋಡದ ಯಾವುದೋ ಆಶ್ರಮಕ್ಕೆ, ಯಾವುದೋ ಸೇವಾ ಸಂಸ್ಥೆಗೆ ಹತ್ತಾರು ಸಾವಿರದ ಚೆಕ್ಕು ಐದು ನಿಮಿಷದಲ್ಲಿ ಮಂಜೂರಾಗುತ್ತದೆ. "ಪಾಪ, ಒಳ್ಳೇ ಕೆಲಸಾ ಮಾಡ್ತಾರ್ರೀ" ಎಂದು ಒಬ್ಬರು ಅಂದರೆ ಮುಗಿಯಿತು.

ಆ ರೊಕ್ಕ ಹೇಗೆ ಬಂದದ್ದು? ಸುಗ್ಗಿ ಹಬ್ಬಕ್ಕೆ ಜನ ಕಾಣಿಕೆಯಾಗಿ ತಂದದ್ದನ್ನು ಹರಾಜು ಹಾಕುವ ಸವಾಲಿನ ದಿನ ನೆನಪಿಸಿಕೊಳ್ಳಿ. ಐವತ್ತು ರೂಪಾಯಿಯ ಕುಂಬಳಕಾಯಿಯನ್ನು ಒಬ್ಬರು ಐನೂರಕ್ಕೆ ಹಿಡಿಯುತ್ತಾರೆ, ದುಡ್ಡು ಕೊಟ್ಟು ಕಾಯಿಯನ್ನು ಮತ್ತೆ ದೇವರಿಗೇ ಎಂದು ಮೇಜಿನ ಮೇಲಿಡುತ್ತಾರೆ. ಅದೇ ಕಾಯಿ ಎರಡನೇ ಸಲ ಏಳುನೂರಕ್ಕೆ ಹೋಗುತ್ತದೆ. ಒಂದು ಸೇರು ಬಿಳಿಜೋಳ, ಕಾಲು ಕಟ್ಟಿದ ಜವಾರಿ ಕೋಳಿ, ಬಾಳೆಗೊನೆ, ಯಾರೋ ಮಗ್ಗದಿಂದ ಇಳಿಸಿ ತಂದಿಟ್ಟ ಖಣ, ಎಲ್ಲಕ್ಕೂ ಹೀಗೇ. ಖಜಾಂಚಿ ಮೇಜಿನ ಹಿಂದೆ ಕೂತು ಕಾರ್ಬನ್ ಹಾಳೆ ಇಟ್ಟು ಪಾವತಿ ಚೀಟಿ ಹರಿಯುವವಳು ನಾನು. ಪಾವತಿ ಬೇಡವೆಂದು ಎದ್ದು ಹೋಗುವವರನ್ನು ಕರೆದು ಕರೆದು ಕೊಡುತ್ತೇನೆ. ಒಳಗೆ ಬರುವ ಹಣಕ್ಕೆ ಇಷ್ಟು ಕಟ್ಟುನಿಟ್ಟಾದ ನಾವು ಹೊರಗೆ ಹೋಗುವ ಹಣಕ್ಕೆ ಯಾಕೆ ಅಷ್ಟು ಸಡಿಲ ಎಂಬುದೇ ಈ ಪತ್ರದ ಪ್ರಶ್ನೆ. ಅಮೀನಗಡದ ಸಂತೆಯಲ್ಲಿ ಎತ್ತು ಕೊಳ್ಳುವವನು ಹಲ್ಲು ನೋಡದೆ ರೊಕ್ಕದ ಗಂಟು ಬಿಚ್ಚುವುದಿಲ್ಲ.

ಈ ಮಾತು ಎತ್ತಿದಾಗಲೆಲ್ಲ ಬರುವ ಉತ್ತರವೂ ನನಗೆ ಗೊತ್ತು. "ದೇವರ ಕೆಲಸಕ್ಕ ಲೆಕ್ಕಾ ಕೇಳ್ತೀರೇನ್ರೀ ಅಕ್ಕಾರ? ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಬರದದ." ಬರೆದದ್ದು ಖರೇ. ಆದರೆ ಮತ್ತಾಯನ ಆರನೇ ಅಧ್ಯಾಯದ ಆ ಮಾತು ಕೊಡುವವನ ಡಂಗುರದ ಬಗ್ಗೆ. ನಾಲ್ಕು ಜನ ನೋಡಲೆಂದು ಬೀದಿಯಲ್ಲಿ ತುತೂರಿ ಊದಿಸಿ ಕೊಡಬೇಡ ಎಂದು ಅದರ ಅರ್ಥ. ತೆಗೆದುಕೊಂಡವನು ಏನು ಮಾಡಿದ ಎಂದು ಕೇಳಬೇಡ ಎಂದು ಅಲ್ಲಿ ಎಲ್ಲೂ ಇಲ್ಲ.

ಹಣವನ್ನು ಹೇಗೆ ಮುಟ್ಟಿಸಬೇಕು ಎಂದು ಬೈಬಲಿನಲ್ಲಿ ಬೇರೆ ಕಡೆ ಧಾರಾಳವಾಗಿ ಇದೆ. ಯೆರೂಸಲೇಮಿನ ಬಡವರಿಗಾಗಿ ಪೌಲನು ಚಂದಾ ಎತ್ತಿದಾಗ, ನೀವು ಯಾರನ್ನು ಒಪ್ಪುತ್ತೀರೋ ಅವರ ಕೈಯಲ್ಲೇ ಪತ್ರ ಕೊಟ್ಟು ಕಳಿಸುತ್ತೇನೆ ಎಂದು ಕೊರಿಂಥದವರಿಗೆ ಬರೆದ. ಎರಡನೇ ಪತ್ರದ ಎಂಟನೇ ಅಧ್ಯಾಯದಲ್ಲಿ ಇನ್ನೂ ಬಿಡಿಸಿ ಹೇಳುತ್ತಾನೆ: ಇಷ್ಟು ದೊಡ್ಡ ಮೊತ್ತದ ವಿಷಯದಲ್ಲಿ ಯಾರೂ ನಮ್ಮ ಮೇಲೆ ಬೆರಳು ತೋರಿಸಬಾರದು, ದೇವರ ಮುಂದೆ ಮಾತ್ರ ಸರಿ ಇದ್ದರೆ ಸಾಲದು, ಜನರ ಮುಂದೆಯೂ ಸರಿ ಇರಬೇಕು. ಅದಕ್ಕೇ ತೀತನ ಜೊತೆ ಸಭೆಗಳೇ ಆರಿಸಿದ ಇನ್ನೊಬ್ಬ ಸಹೋದರನನ್ನೂ ಕಳಿಸಿದ. ಪೌಲನಂಥವನೇ ತನ್ನೊಬ್ಬನ ಮಾತಿನ ಮೇಲೆ ನಂಬಿ ಎನ್ನಲಿಲ್ಲ. ಹನ್ನೆರಡು ಮಂದಿ ಶಿಷ್ಯರ ಗುಂಪಿನಲ್ಲೇ ಹಣದ ಚೀಲ ಹಿಡಿದ ಯೂದನು ಅದರಲ್ಲಿ ಕೈಯಾಡಿಸುತ್ತಿದ್ದ ಎಂದು ಯೋಹಾನನು ಮುಚ್ಚುಮರೆಯಿಲ್ಲದೆ ಬರೆದಿಟ್ಟಿದ್ದಾನೆ. ಅಪೊಸ್ತಲರ ಕೃತ್ಯಗಳ ಆರನೇ ಅಧ್ಯಾಯದಲ್ಲಿ ದಿನದ ಹಂಚಿಕೆಯಲ್ಲಿ ತಮ್ಮ ವಿಧವೆಯರನ್ನು ಕಡೆಗಣಿಸಿದರೆಂದು ಒಂದು ಗುಂಪು ಗೊಣಗಿದಾಗ, ಗೊಣಗಿದವರಿಗೆ ಯಾರೂ ವಿಶ್ವಾಸ ಕಡಿಮೆ ಎನ್ನಲಿಲ್ಲ. ಏಳು ಜನರನ್ನು ಆರಿಸಿ ಕೆಲಸ ಒಪ್ಪಿಸಿದರು.

ನನಗೆ ಎಲ್ಲಕ್ಕಿಂತ ಹಿಡಿಸುವುದು ಯೇಸು ಹೇಳಿದ ಕಥೆಯ ಸಮಾರ್ಯದವನು. ಗಾಯಾಳುವನ್ನು ಛತ್ರಕ್ಕೆ ಸೇರಿಸಿ ಎರಡು ನಾಣ್ಯ ಕೊಟ್ಟು ಹೋಗುವಾಗ, ಹೆಚ್ಚು ಖರ್ಚಾದರೆ ಮರಳಿ ಬರುವಾಗ ಕೊಡುತ್ತೇನೆ ಎಂದ. ಹಣವನ್ನೂ ಕೊಟ್ಟ, ತಿರುಗಿ ಬರುತ್ತೇನೆ ಎಂದೂ ಹೇಳಿದ. ನಾವು ಪ್ರಸಂಗದಲ್ಲಿ ಮೊದಲರ್ಧ ಮಾತ್ರ ಹೇಳುತ್ತೇವೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಇದು ಹೊಸ ಮಾತೂ ಅಲ್ಲ. 1834ರಲ್ಲಿ ಮಂಗಳೂರಿಗೆ ಬಂದ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ 1851ರಲ್ಲಿ ಗುಳೇದಗುಡ್ಡದಲ್ಲಿ ಠಾಣೆ, ಅಂದರೆ ತನ್ನ ಸೇವೆಯ ಕೇಂದ್ರ, ಹಾಕಿತು. ಅದರ ದುಡ್ಡು ಎಲ್ಲಿಂದ ಬರುತ್ತಿತ್ತು? 1855ರಲ್ಲಿ ಬಾಸೆಲ್ ಪಟ್ಟಣದ ಕಾರ್ಲ್ ಸರಾಸಿನ್ ಎಂಬ ರೇಷ್ಮೆ ಪಟ್ಟಿ ನೇಯಿಸುವ ಕಾರ್ಖಾನೆಯ ಮಾಲೀಕ ಒಂದು ಚಂದಾ ಶುರು ಮಾಡಿದ. ವಾರಕ್ಕೆ ಅರ್ಧ ಬಾಟ್ಸೆನ್, ಅಂದರೆ ಕೂಲಿಯವರ ಕೈಗೂ ಎಟಕುವ ಒಂದು ಪುಡಿಗಾಸು. ಸ್ವಿಟ್ಜರ್ಲೆಂಡ್, ದಕ್ಷಿಣ ಜರ್ಮನಿಯ ಸಾಧಾರಣ ಜನ ವಾರವಾರ ಹಾಕಿದ ಅಂಥ ಪುಡಿಗಾಸಿನಿಂದಲೂ ಮಿಷನ್ನಿನ ಕೆಲಸ ನಡೆಯಿತು. ಆ ಮಿಷನ್ ವರ್ಷಕ್ಕೊಂದು ವರದಿ ಅಚ್ಚು ಹಾಕಿಸುತ್ತಿತ್ತು. ಠಾಣೆವಾರು ಏನು ಕೆಲಸ, ಯಾರು ಎಷ್ಟು ಚಂದಾ ಕೊಟ್ಟರು ಎಂಬುದೆಲ್ಲ ಅದರಲ್ಲಿ ಬರುತ್ತಿತ್ತು. ಹಡಗಿನಲ್ಲಿ ತಿಂಗಳುಗಟ್ಟಲೆ ಹೋಗಬೇಕಾದ ಕಾಲದಲ್ಲಿ ಅಷ್ಟು ಮಾಡಿದರೆ, ಮೊಬೈಲಿನಲ್ಲಿ ಒಂದು ಪಿಡಿಎಫ್ ಕಳಿಸಲು ಇಂದಿನ ಸಂಸ್ಥೆಗಳಿಗೆ ಏನು ತೊಂದರೆ? ಅಮೆರಿಕದಲ್ಲಿ 1979ರಿಂದ ಇಸಿಎಫ್‌ಎ ಎಂಬ ಸುವಾರ್ತಾ ಸಂಸ್ಥೆಗಳದೇ ಒಂದು ಮಂಡಳಿ ಇದೆ. ಸದಸ್ಯರಾಗಬೇಕಾದರೆ ಸ್ವತಂತ್ರ ಆಡಳಿತ ಮಂಡಳಿ, ಲೆಕ್ಕದ ಪಾರದರ್ಶಕತೆ, ದಾನ ಕೇಳುವಾಗ ಸತ್ಯ ಹೇಳುವುದು ಹೀಗೆ ಕೆಲವು ನಿಯಮಗಳಿಗೆ ಒಪ್ಪಬೇಕು. ನಮ್ಮ ಹಳ್ಳಿ ತಾಲ್ಲೂಕಿನ ಸಣ್ಣ ಆಶ್ರಮಗಳನ್ನು ತೂಗಿ ನೋಡಿ ನಮಗೆ ಹೇಳುವವರು ಯಾರೂ ಇಲ್ಲ. ಕಮಿಟಿಯೇ ನೋಡಬೇಕು.

ಕಾಗದಪತ್ರದ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಕಾಗದ ಇದ್ದ ಮಾತ್ರಕ್ಕೆ ಕೆಲಸ ಚೆನ್ನಾಗಿದೆ ಎಂದಾಗುವುದಿಲ್ಲ. ಸಂಘವಾಗಿದ್ದರೆ 1960ರ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆಯಡಿ ವರ್ಷವರ್ಷ ಆಡಳಿತ ಮಂಡಳಿಯ ಪಟ್ಟಿ, ಅಢಾವೆ ಪತ್ರಿಕೆ (ಬ್ಯಾಲೆನ್ಸ್ ಶೀಟ್) ಸಲ್ಲಿಸಬೇಕು. ಟ್ರಸ್ಟಾಗಿದ್ದರೆ ಟ್ರಸ್ಟ್ ಡೀಡ್ ಇರಬೇಕು. ಆ ಡೀಡಿನಲ್ಲಿ ಗಂಡ, ಹೆಂಡತಿ, ಮಗ, ಅಳಿಯ ಎಂದು ನಾಲ್ಕೇ ಹೆಸರಿದ್ದರೆ ಅಲ್ಲೇ ನಿಂತು ಯೋಚಿಸಿ. ದಾನ ಕೊಟ್ಟವರಿಗೆ ತೆರಿಗೆ ವಿನಾಯಿತಿ ಸಿಗುವ 80ಜಿ ನೋಂದಣಿಯ ಬಗ್ಗೆ ನಮ್ಮವರಿಗೆ ಎರಡು ತಪ್ಪು ಕಲ್ಪನೆ. (2025ರ ಹೊಸ ಆದಾಯ ತೆರಿಗೆ ಕಾಯ್ದೆಯಲ್ಲಿ ಕಲಮಿನ ಸಂಖ್ಯೆ ಬೇರೆ, ಜನರ ಬಾಯಲ್ಲಿ ಮಾತ್ರ 80ಜಿಯೇ.) ಅದಿದ್ದರೆ ಸರಕಾರವೇ ಸರ್ಟಿಫಿಕೇಟು ಕೊಟ್ಟಿದೆ ಎಂಬುದು ಒಂದು. ಅದು ತೆರಿಗೆ ವಿನಾಯಿತಿಯ ನೋಂದಣಿ ಮಾತ್ರ, ಅಡುಗೆಮನೆ ಸ್ವಚ್ಛವಿದೆಯೋ ಇಲ್ಲವೋ ನೋಡಿ ಕೊಟ್ಟದ್ದಲ್ಲ. ಅದಿಲ್ಲದಿದ್ದರೆ ಕಳ್ಳರು ಎಂಬುದು ಇನ್ನೊಂದು. ಪೂರ್ತಿ ಧಾರ್ಮಿಕ ಕೆಲಸದ ಸಂಸ್ಥೆಗೆ ಅದು ಸಿಗುವುದೇ ಇಲ್ಲ, 80ಜಿ ಇರುವವರೂ ಆದಾಯದ ಶೇಕಡ 5ಕ್ಕಿಂತ ಹೆಚ್ಚು ಧಾರ್ಮಿಕ ಕೆಲಸಕ್ಕೆ ಖರ್ಚು ಮಾಡುವಂತಿಲ್ಲ. ಸೇವಾ ಸಂಸ್ಥೆಗಳು ಹೆಸರು ದಾಖಲಿಸುವ ನೀತಿ ಆಯೋಗದ ದರ್ಪಣ ಪೋರ್ಟಲಿನ ನಂಬರನ್ನು ಲೆಟರ್‌ಹೆಡ್ಡಿನಲ್ಲಿ ದಪ್ಪಕ್ಷರದಲ್ಲಿ ಹಾಕಿಕೊಳ್ಳುವವರಿದ್ದಾರೆ. ಅದೂ ಒಂದು ಗುರುತಿನ ಸಂಖ್ಯೆ, ಮೆಚ್ಚುಗೆ ಪತ್ರವಲ್ಲ. ನಗದು ರೂಪದಲ್ಲಿ 2,000 ರೂಪಾಯಿ ಮೀರಿ ಕೊಟ್ಟರೆ ತೆರಿಗೆ ವಿನಾಯಿತಿ ಇಲ್ಲ. ವಿನಾಯಿತಿ ಬೇಡದಿದ್ದರೂ ಚೆಕ್ಕಿನಲ್ಲೇ ಕೊಡಿ, ಜಾಡು ಉಳಿಯುತ್ತದೆ.

ಇನ್ನು ಆರಾಧನೆ ಮುಗಿದ ಮೇಲೆ ಬಾಗಿಲಲ್ಲಿ ಕ್ಯೂಆರ್ ಕೋಡ್ ಹಿಡಿದು ನಿಲ್ಲುವ ಪದ್ಧತಿ ಬಂದಿದೆ. ಸ್ಕ್ಯಾನ್ ಮಾಡಿದಾಗ ಮೊಬೈಲಿನ ಪರದೆಯ ಮೇಲೆ ಖಾತೆಯ ಹೆಸರು ಬರುತ್ತದೆ. ಸಂಸ್ಥೆಯ ಹೆಸರಿನ ಬದಲು ಯಾವುದೋ ವ್ಯಕ್ತಿಯ ಹೆಸರು ಕಂಡರೆ ಪಿನ್ ಒತ್ತಬೇಡಿ. "ಸಂಸ್ಥೆ ಖಾತೆ ಇನ್ನೂ ಓಪನ್ ಆಗಿಲ್ರೀ ಅಣ್ಣಾರ, ನನ್ನ ಖಾತೆಗೇ ಹಾಕ್ರಿ" ಎಂದರೆ, ಓಪನ್ ಆದ ಮೇಲೆ ಬನ್ನಿ ಎಂದು ನಗುನಗುತ್ತಲೇ ಹೇಳಬಹುದು.

ಈಗ ನನಗೆ ಅತಿ ಮುಖ್ಯವಾದ ಮಾತು: ಮಕ್ಕಳ ಆಶ್ರಮಗಳು. ನಮ್ಮ ಸುಗ್ಗಿ ಹಣ ಎಲ್ಲಕ್ಕಿಂತ ಸಲೀಸಾಗಿ ಹೋಗುವುದು ಇಲ್ಲಿಗೇ, ನಾವು ಎಲ್ಲಕ್ಕಿಂತ ಕಡಿಮೆ ಪ್ರಶ್ನೆ ಕೇಳುವುದೂ ಇಲ್ಲೇ. ಬಂದವರು ವೇದಿಕೆ ಹತ್ತುತ್ತಾರೆ. ಜೊತೆಗೆ ಒಂದೇ ಬಣ್ಣದ ಅಂಗಿ ತೊಟ್ಟ ಹತ್ತು ಮಕ್ಕಳು. ಹಾಡಾಗುತ್ತದೆ. ಆಮೇಲೆ ಒಂದು ಮಗುವಿನ ಹೆಗಲ ಮೇಲೆ ಕೈಯಿಟ್ಟು, ಇವಳ ತಂದೆ ಹೀಗೆ ಸತ್ತ, ತಾಯಿ ಹೀಗೆ ಬಿಟ್ಟುಹೋದಳು ಎಂದು ಮೈಕಿನಲ್ಲಿ ಹೇಳುತ್ತಾರೆ. ಒಮ್ಮೆ ನಾನು ಮೂರನೇ ಬೆಂಚಿನಲ್ಲಿದ್ದೆ. ಸಭೆಯೆಲ್ಲ ಕಣ್ಣು ಒರೆಸಿಕೊಳ್ಳುತ್ತಿತ್ತು, ಆ ಹುಡುಗಿ ಮಾತ್ರ ತನ್ನ ಚಪ್ಪಲಿಯ ಉಂಗುಷ್ಠವನ್ನೇ ನೋಡುತ್ತ ನಿಂತಿದ್ದಳು. ಆಕೆಯ ಓರಗೆಯ ನಮ್ಮ ಸಂಡೇ ಸ್ಕೂಲ್ ಮಕ್ಕಳೆಲ್ಲ ಎದುರಿಗೇ ಕೂತಿದ್ದರು.

2015ರ ಬಾಲನ್ಯಾಯ ಕಾಯ್ದೆ ಏನು ಹೇಳುತ್ತದೆ ಕೇಳಿ. ಆರೈಕೆ, ರಕ್ಷಣೆ ಬೇಕಾದ ಮಕ್ಕಳನ್ನು ಇಟ್ಟುಕೊಳ್ಳುವ ಯಾವ ಸಂಸ್ಥೆಯೂ, ಸರಕಾರದ ಅನುದಾನ ಇರಲಿ ಬಿಡಲಿ, 41ನೇ ಕಲಮಿನಡಿ ನೋಂದಣಿ ಆಗಲೇಬೇಕು. ಆಗದಿದ್ದರೆ ನಡೆಸುವವರಿಗೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷಕ್ಕೆ ಕಡಿಮೆಯಿಲ್ಲದ ದಂಡ, ಅಥವಾ ಎರಡೂ. ದಿಕ್ಕಿಲ್ಲದ ಮಗು ಸಿಕ್ಕರೆ ಪ್ರಯಾಣದ ಸಮಯ ಬಿಟ್ಟು 24 ತಾಸಿನೊಳಗೆ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಮಗು ಎಲ್ಲಿರಬೇಕೆಂದು ಆದೇಶ ಕೊಡುವುದು ಆ ಸಮಿತಿ, ಆಶ್ರಮದ ಅಣ್ಣನವರಲ್ಲ. 74ನೇ ಕಲಮು ಇಂಥ ಮಕ್ಕಳ ಹೆಸರು, ವಿಳಾಸ, ಶಾಲೆ, ಗುರುತು ಸಿಗುವಂಥ ಯಾವುದನ್ನೂ ಮಾಧ್ಯಮಗಳಲ್ಲಿ ಹೊರಗೆಡಹಬಾರದು ಎನ್ನುತ್ತದೆ. ಹಾಗಿದ್ದ ಮೇಲೆ ಮಗುವಿನ ಫೋಟೊ, ಹೆಸರು, ತಾಯಿಯ ಕಥೆ ಸೇರಿಸಿ ವಾಟ್ಸ್ಆ್ಯಪಿನಲ್ಲಿ ಹರಿಬಿಡುವ ಸಂಸ್ಥೆಗೆ ಮಕ್ಕಳನ್ನು ಕಾಯುವ ಬುದ್ಧಿ ಎಷ್ಟಿದೆ ಎಂದು ನೀವೇ ಅಂದಾಜು ಮಾಡಿ. ಫೋಟೊ ಕಳಿಸಿ ಎಂದು ಪೀಡಿಸುವುದು ದಾನಿಗಳಾದ ನಾವೇ ಎಂಬುದೂ ಅಷ್ಟೇ ಖರೇ.

ಇನ್ನೊಂದು ಸಂಗತಿ ಇದೆ. ಆಶ್ರಮಗಳಲ್ಲಿರುವ ಎಷ್ಟೋ ಮಕ್ಕಳಿಗೆ ತಾಯಿಯೋ ತಂದೆಯೋ, ಇಲ್ಲವೇ ಇಬ್ಬರೂ ಇರುತ್ತಾರೆ. ನಮ್ಮ ಕಡೆಯ ಬಡತನ ಎಂಥದೆಂದು ನಿಮಗೆ ಹೇಳಬೇಕಿಲ್ಲ. ಹಂಗಾಮು ಬಂದರೆ ಕಬ್ಬು ಕಡಿಯಲು ಮಹಾರಾಷ್ಟ್ರಕ್ಕೆ, ಕಟ್ಟಡದ ಕೆಲಸಕ್ಕೆ ಗೋವಾಕ್ಕೆ ಗುಳೆ ಹೋಗುತ್ತಾರೆ. ಹೋಗುವಾಗ ಮಗುವನ್ನು ಯಾವುದೋ ಹಾಸ್ಟೆಲಿನಲ್ಲಿ ಬಿಟ್ಟು ಹೋಗುತ್ತಾರೆ, ಆ ಮಗು ವರದಿಯಲ್ಲಿ ಅನಾಥವಾಗುತ್ತದೆ. ಆಶ್ರಮದವರನ್ನು ಕೇಳಬೇಕಾದ ಮೊದಲ ಪ್ರಶ್ನೆ: ಕಳೆದ ವರ್ಷ ಎಷ್ಟು ಮಕ್ಕಳು ಮನೆಗೆ ಮರಳಿದರು, ಮರಳಿದ ಮೇಲೆ ನೀವು ಹೋಗಿ ನೋಡಿದಿರಾ? ಎಷ್ಟು ಮಕ್ಕಳಿದ್ದಾರೆ ಎಂಬುದನ್ನೇ ಸಾಧನೆ ಎಂದು ಹೇಳುವವರಿಗಿಂತ, ಎಷ್ಟು ಮಕ್ಕಳು ಹೊರಗೆ ಹೋದರು ಎಂದು ಹೇಳಬಲ್ಲವರಿಗೆ ನಾನಾದರೆ ಕೊಡುತ್ತೇನೆ. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಲ್ಲಿ ವಿಧವೆಯ ಮಕ್ಕಳು, ಗಂಡ ಬಿಟ್ಟವಳ ಮಕ್ಕಳು, ತಂದೆ-ತಾಯಿ ಮಾರಕ ರೋಗಕ್ಕೆ ಬಿದ್ದ ಮನೆಯ ಮಕ್ಕಳು ಮನೆಯಲ್ಲೇ ಇದ್ದು ಓದಲು ತಿಂಗಳಿಗೆ 4,000 ರೂಪಾಯಿ ಪ್ರಾಯೋಜಕತ್ವ ಇದೆ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ನಿಮ್ಮ ಸಭೆಯಲ್ಲೇ ಅಂಥ ಅಕ್ಕ ಒಬ್ಬರಿದ್ದರೆ, ಆದಾಯ ಪ್ರಮಾಣಪತ್ರಕ್ಕೆ ನಾಡಕಚೇರಿಗೆ ಅವರ ಜೊತೆ ಹೋಗಿಬರುವುದು ಒಂದು ಚೆಕ್ಕಿಗಿಂತ ಹೆಚ್ಚು ಕೆಲಸಕ್ಕೆ ಬರುತ್ತದೆ. ಒಂದನೇ ತಿಮೊಥೆಯದ ಐದನೇ ಅಧ್ಯಾಯವೂ ವಿಧವೆಯನ್ನು ಮೊದಲು ಮನೆಯವರು ನೋಡಿಕೊಳ್ಳಲಿ, ಯಾರೂ ಇಲ್ಲದವಳನ್ನು ಸಭೆ ನೋಡಿಕೊಳ್ಳಲಿ ಎಂದು ವಿಂಗಡಿಸಿಯೇ ಹೇಳುತ್ತದೆ.

"ನಿಮ್ಮ ದುಡ್ಡು ನೂರಕ್ಕೆ ನೂರು ಬಡವರಿಗೇ ಹೋಗತದ, ಆಡಳಿತ ಖರ್ಚು ಒಂದು ಪೈಸೆ ಇಲ್ಲ" ಎಂಬ ಮಾತಿಗೆ ನಮ್ಮ ಕಮಿಟಿಗಳು ಬೇಗ ಕರಗುತ್ತವೆ. ನನಗೆ ಆ ಮಾತು ಕೇಳಿದರೆ ಅನುಮಾನವೇ ಹೆಚ್ಚು. ಲೆಕ್ಕ ಬರೆಯುವವನಿಗೆ ಯಾರು ಕೊಡುತ್ತಾರೆ? ಆಡಿಟರ್ ಫೀ? ಹಾಸಿಗೆ ಹಿಡಿದ ಮುದುಕಿಯ ಹುಣ್ಣು ತೊಳೆಯುವ ನರ್ಸಿಗೆ ಪಗಾರ ಕೊಟ್ಟರೆ ಅದು ಆಡಳಿತವೋ ಸೇವೆಯೋ? ಕೆಲವು ಕೆಲಸಗಳಲ್ಲಿ ಪಗಾರವೇ ಸೇವೆ. ವಿದೇಶಿ ದೇಣಿಗೆಗೆ ಸರಕಾರವೇ ಮಿತಿ ಹಾಕಿದೆ: ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆಯ (ಎಫ್‌ಸಿಆರ್‌ಎ) 2020ರ ತಿದ್ದುಪಡಿಯಲ್ಲಿ ಆ ಹಣದ ಆಡಳಿತ ಖರ್ಚನ್ನು ಶೇಕಡ 50ರಿಂದ 20ಕ್ಕೆ ಇಳಿಸಿದರು. ಅದೇ ತಿದ್ದುಪಡಿ ದೊಡ್ಡ ಸಂಸ್ಥೆ ತನಗೆ ಬಂದ ವಿದೇಶಿ ಹಣವನ್ನು ಸಣ್ಣ ಸಂಸ್ಥೆಗೆ ದಾಟಿಸುವುದನ್ನೂ ನಿಲ್ಲಿಸಿತು. ದೊಡ್ಡವರ ಕೈಯಿಂದ ಬರುತ್ತಿದ್ದುದನ್ನೇ ನಂಬಿಕೊಂಡಿದ್ದ ಹಳ್ಳಿಯ ಸಣ್ಣ ಕೆಲಸಗಳಿಗೆ ಇದರಿಂದ ಕೈ ಕಟ್ಟಿದಂತಾಯಿತು. ಅವರೀಗ ನಮ್ಮಂಥ ಸಭೆಗಳ ಕಡೆ ನೋಡುತ್ತಿದ್ದಾರೆ. ಅವರಲ್ಲಿ ಒಳ್ಳೆಯವರು ಇದ್ದಾರೆ, ಮಾತು ಬಾರದವರೂ ಇದ್ದಾರೆ. ಮಾತುಗಾರರಿಗೇ ಎಲ್ಲ ಹೋದರೆ ಅವರಿಗೆ ಉಳಿಯುವುದೇನು?

ವರದಿಗಳನ್ನು ಓದುವಾಗ ಅಂಕಿಗಳನ್ನು ಕೆದಕಿ. "60 ಹಳ್ಳಿ ತಲುಪಿದೆವು" ಎಂದಿದ್ದರೆ ತಲುಪಿ ಮಾಡಿದ್ದೇನು ಎಂದು ಕೇಳಿ. ಒಮ್ಮೆ ಜೀಪಿನಲ್ಲಿ ಹಾದುಹೋದರೂ ತಲುಪಿದಂತೆಯೇ. ಹೊಲಿಗೆ ತರಬೇತಿ ಕೊಟ್ಟೆವು ಎಂದರೆ, ಕಲಿತವರಲ್ಲಿ ಈಗ ಹೊಲಿಯುತ್ತಿರುವವರು ಎಷ್ಟು ಮಂದಿ, ಇಬ್ಬರ ಮನೆ ತೋರಿಸಿ ಎನ್ನಿ. ಪ್ರಾರ್ಥನೆಗೆ ಬಂದರೆ ಮಾತ್ರ ಅಕ್ಕಿ ಎನ್ನುವ ಸಂಸ್ಥೆಗೆ ಕೊಡಲೇಬೇಡಿ. ಕಾನೂನಿನ ಭಯಕ್ಕೆ ಹೇಳುತ್ತಿಲ್ಲ. ಯೇಸು ಹತ್ತು ಕುಷ್ಠರೋಗಿಗಳನ್ನು ವಾಸಿ ಮಾಡಿದ, ತಿರುಗಿ ಬಂದವನು ಒಬ್ಬನೇ. ಉಳಿದ ಒಂಬತ್ತು ಜನರ ವಾಸಿಯನ್ನು ಆತ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ಕ್ರೈಸ್ತ ಸಂಸ್ಥೆಗಳಿಗೇ ಕೊಡಬೇಕೇ ಎಂಬ ಪ್ರಶ್ನೆಯೂ ಕಮಿಟಿಯಲ್ಲಿ ಏಳುತ್ತದೆ. ಎಲ್ಲರಿಗೂ ಒಳ್ಳೆಯದನ್ನು ಮಾಡಿ, ವಿಶೇಷವಾಗಿ ಒಂದೇ ಮನೆಯವರಂತಿರುವ ವಿಶ್ವಾಸಿಗಳಿಗೆ ಎಂದು ಗಲಾತ್ಯದವರಿಗೆ ಬರೆದ ಪತ್ರದಲ್ಲಿದೆ. ನಮ್ಮವರು ಬಾಯಿಪಾಠ ಮಾಡಿದ್ದು ಎರಡನೇ ಅರ್ಧ. ಘಟಪ್ರಭಾದಲ್ಲಿ ಮಾಸ್ ಇದೆ, ಮಹಿಳಾ ಅಭಿವೃದ್ಧಿ ಮತ್ತು ಸಂರಕ್ಷಣಾ ಸಂಸ್ಥೆ. ಮಾಜಿ ದೇವದಾಸಿಯರೇ ಸೇರಿ ಕಟ್ಟಿಕೊಂಡು ನಡೆಸುವ ಸಂಸ್ಥೆ. 1982ರಲ್ಲೇ ನಿಷೇಧ ಕಾಯ್ದೆ ಬಂದರೂ ಈ ಜಿಲ್ಲೆಗಳಲ್ಲಿ ಆ ಪದ್ಧತಿಯ ನೋವು ಇನ್ನೂ ಹಸಿ. ಆ ಹೆಣ್ಣುಮಕ್ಕಳ ಮಧ್ಯೆ ಹೊರಗಿನಿಂದ ಬಂದು ಸೇವೆ ಮಾಡುತ್ತೇನೆನ್ನುವವರನ್ನು ಅಳೆಯಲು ನನಗೊಂದು ಅಳತೆ ಸಿಕ್ಕಿದ್ದು ಅಲ್ಲಿಂದಲೇ: ಯಾರಿಗಾಗಿ ಕೆಲಸವೋ ಅವರಲ್ಲಿ ಒಬ್ಬರಾದರೂ ನಿಮ್ಮ ಆಡಳಿತ ಮಂಡಳಿಯಲ್ಲಿ ಇದ್ದಾರೆಯೇ? ನಮ್ಮ ಎಷ್ಟು ಕ್ರೈಸ್ತ ಸಂಸ್ಥೆಗಳು ಇದಕ್ಕೆ ಹೌದು ಎನ್ನುತ್ತವೆ, ಕೇಳಿ ನೋಡಿ.

2019ರ ಆಗಸ್ಟಿನ ಮಹಾಪೂರ ಯಾರೂ ಮರೆತಿಲ್ಲ. ಕೃಷ್ಣಾ, ಘಟಪ್ರಭಾ, ಮಲಪ್ರಭಾ ಮೂರೂ ಒಟ್ಟಿಗೆ ಬಂದವು. ಆಗ ಲಾರಿಗಟ್ಟಲೆ ಬಂದ ಹಳೇ ಬಟ್ಟೆ ಶಾಲೆಯ ವರಾಂಡದಲ್ಲಿ ಒದ್ದೆಯಾಗಿ ಬಿದ್ದು ನಾರುತ್ತಿತ್ತು. ಹೆಂಗಸರಿಗೆ ಬೇಕಾಗಿದ್ದದ್ದು ಒಳಉಡುಪು, ಸ್ಯಾನಿಟರಿ ಪ್ಯಾಡ್, ತಲೆನೋವಿನ ಮಾತ್ರೆ. ನೀರಿಳಿದ ಮೇಲೆ ಬೇಕಾಗಿದ್ದದ್ದು ಮಗ್ಗದ ಗುಂಡಿಯಲ್ಲಿ ತುಂಬಿದ ಕೆಸರು ತೆಗೆಯಲು ಕೂಲಿ, ಹಾಳಾದ ರೇಷ್ಮೆ ನೂಲಿಗೆ ಬದಲು ನೂಲು. ಏನು ಬೇಕು ಎಂದು ಮೊದಲು ಬಂದು ಕೇಳಿದವರು ಬೆರಳೆಣಿಕೆ. ಅವರಲ್ಲಿ ಯಾರು ಆರು ತಿಂಗಳ ಮೇಲೂ ಬರುತ್ತಿದ್ದರು ಎಂದು ಆ ಊರಿನವರನ್ನೇ ಕೇಳಿದರೆ ಹೇಳುತ್ತಾರೆ. ಮುಂದಿನ ಪ್ರವಾಹಕ್ಕೆ ಯಾರಿಗೆ ಕೊಡಬೇಕೆಂಬ ಪಟ್ಟಿ ಅಲ್ಲೇ ಇದೆ.

ಆದ್ದರಿಂದ ಕಮಿಟಿಗಳನ್ನು ಇಷ್ಟು ಕೇಳಿಕೊಳ್ಳುತ್ತೇನೆ. ಕಾಗದ ನೋಡದೆ ಯಾರಿಗೂ ಪೀಠದ ಮೇಲೆ ಮಾತಿಗೆ ಅವಕಾಶ ಕೊಡಬೇಡಿ. ಬೋಧನೆ ಬೇರೆ, ಚಂದಾ ಬೇರೆ. ಹತ್ತು ಕಡೆ ಐದೈದು ಸಾವಿರ ಚೆಲ್ಲುವ ಬದಲು ಎರಡೇ ಕಡೆ, ಮೂರು ವರ್ಷದ ಮಾತು ಕೊಟ್ಟು ಕೊಡಿ. ಸಣ್ಣ ಸಂಸ್ಥೆಗೆ ಮುಂದಿನ ವರ್ಷವೂ ಬರುತ್ತದೆಂಬ ಭರವಸೆಯೇ ಅರ್ಧ ಆಸರೆ, ನಮಗೂ ಗಟ್ಟಿಯಾಗಿ ಕೇಳಲು ಬಾಯಿ ಬರುತ್ತದೆ. ಕೊಡುವ ಮೊದಲು ಇಬ್ಬರು ಹೋಗಿ ನೋಡಿ ಬರಲಿ, ಅವರಲ್ಲಿ ಒಬ್ಬರು ಹೆಣ್ಣುಮಗಳಾಗಿರಲಿ. ಹೇಳದೆ ಹೋಗಿ ಎನ್ನುವುದಿಲ್ಲ, ಅದು ಮರ್ಯಾದೆಯಲ್ಲ. ಆದರೆ ಊಟದ ಹೊತ್ತಿಗೆ ಹೋಗಿ, ಅಡುಗೆಮನೆ, ಶೌಚಾಲಯ ನೋಡಿ, ಸಂಸ್ಥೆಯ ಮುಖ್ಯಸ್ಥರಿಲ್ಲದಾಗ ಅಡುಗೆಯವಳ ಜೊತೆ ಹತ್ತು ನಿಮಿಷ ಕೂತು ಮಾತಾಡಿ. ಪಗಾರ ಸರಿಯಾಗಿ ಬರುತ್ತದೆಯೇ ಎಂದು ಕೇಳಿ. ವಾರ್ಷಿಕ ವರದಿಯಲ್ಲಿ ಸಿಗದ್ದು ಅಲ್ಲಿ ಸಿಗುತ್ತದೆ.

ಮತ್ತು ಇಷ್ಟೆಲ್ಲ ಬೇರೆಯವರನ್ನು ಕೇಳುವ ಮೊದಲು ನಮ್ಮ ಸಭೆಯ ಜಮಾ-ಖರ್ಚನ್ನು ನೋಟಿಸ್ ಬೋರ್ಡಿಗೆ ಹಚ್ಚೋಣ. ವರ್ಷಕ್ಕೊಮ್ಮೆ ಮಹಾಸಭೆಯಲ್ಲಿ ಗಡಿಬಿಡಿಯಲ್ಲಿ ಓದುವುದನ್ನು ಬಿಟ್ಟು ಮೂರು ತಿಂಗಳಿಗೊಮ್ಮೆ. ನಮ್ಮದನ್ನು ಹಚ್ಚಲು ಹಿಂಜರಿಯುವ ಕಮಿಟಿಗೆ ಇನ್ನೊಬ್ಬರ ಅಢಾವೆ ಪತ್ರಿಕೆ ಕೇಳುವ ಮುಖವಿಲ್ಲ.

ಇದನ್ನು ನಮ್ಮ ಕಮಿಟಿಯ ಮುಂದಿನ ಮೀಟಿಂಗಿನಲ್ಲಿ ಠರಾವಾಗಿ ಇಡುತ್ತಿದ್ದೇನೆ. ಇಬ್ಬರು ಈಗಾಗಲೇ ಬೇಡವೆಂದಿದ್ದಾರೆ. ಅಯ್ಯನವರು ಇನ್ನೂ ಬಾಯಿ ಬಿಟ್ಟಿಲ್ಲ. ನಿಮ್ಮ ಸಭೆಯವರು ಯಾವುದಾದರೂ ಸಂಸ್ಥೆಗೆ ಹೋಗಿ ನೋಡಿ ಬಂದಿದ್ದರೆ, ಕಂಡದ್ದನ್ನು ಒಂದು ಹಾಳೆಯಲ್ಲಿ ಬರೆದು ಅಕ್ಕಪಕ್ಕದ ಸಭೆಗಳಿಗೂ ಕೊಡಿ. ಮೂರು ಜಿಲ್ಲೆಯವರು ಒಂದೇ ಆಶ್ರಮಕ್ಕೆ ಬೇರೆ ಬೇರೆ ಹೋಗಿ ಅದೇ ಪ್ರಶ್ನೆ ಕೇಳುವುದು ಅವರಿಗೂ ಕಾಟ. ಹೋಗಿಬರುವ ಬಸ್ಸಿನ ಖರ್ಚನ್ನು ಸುಗ್ಗಿ ಹಣದಲ್ಲಿ ಮುರಿಯಬಾರದು ಎಂದೂ ನನ್ನ ಠರಾವಿನಲ್ಲಿದೆ. ಅದಕ್ಕೆ ಕೆಲವು ಗಂಡಸರ ತಕರಾರು ಬಂದಿದೆ. ಹಾಗಾದರೆ ಮಹಿಳಾ ಕೂಟದ ಇಬ್ಬರನ್ನೇ ಕಳಿಸಿ, ಸರಕಾರಿ ಬಸ್ಸಿನಲ್ಲಿ ನಮಗೆ ಟಿಕೆಟ್ಟೇ ಇಲ್ಲ.

ನಿಮ್ಮ ಸಹೋದರಿ,
ಬಾಗಲಕೋಟೆ ಜಿಲ್ಲೆಯ ಒಂದು ಸಭೆಯ ಖಜಾಂಚಿ